ಕರಡಗಿ ಬದಲಾಗೇದ

ವಿಕ್ರಮ ನಾಣ್ಯವಿದ್ದ ಆ ಪ್ಲಾಸ್ಟಿಕ್ ಹೋಲ್ಡರನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ತಲೆ ವಾಲಿಸಿ ಆಲಿಸಿದ. ಎಡಗಿವಿಗೆ ಹಿಡಿದು ಮತ್ತೆ ಅಲ್ಲಾಡಿಸಿದ.

"ಸದ್ದಿಲ್ಲ," ಎಂದ ಮರಾಠಿಯಲ್ಲಿ. "ನೀರಜಾತಾಯಿ, ಇದು ನಿಮ್ಮದಲ್ಲ."

ಅಂಗಳದಲ್ಲಿ ತೀರಿಕೊಂಡವರ ಹೆಸರಿನ ಗಣಾರಾಧನೆಯ ಪಂಕ್ತಿ ಏಳುತ್ತಿತ್ತು. ಹುಗ್ಗಿ ಉಂಡವರು ಕೈ ತೊಳೆಯುತ್ತ, ಸಿದ್ದಲಿಂಗಪ್ಪನವರು ಎಂಥ ಸಾತ್ವಿಕರಾಗಿದ್ದರು ಎಂದು ಮಾತಾಡಿಕೊಳ್ಳುತ್ತಿದ್ದರು. ದೇಹೂ ರೋಡಿನ ಸೈನ್ಯದ ಡಿಪೋದಿಂದ ನಿವೃತ್ತರಾಗಿ, ಹಡಪಸರದ ಈ ಮನೆಯಲ್ಲಿ ಹಳೆಯ ನಾಣ್ಯಗಳ ನಡುವೆ ಬಾಳುತ್ತಿದ್ದ ಅವರು ಮಾರ್ಕೆಟ್ ಯಾರ್ಡಿನಲ್ಲಿ ಕುಸಿದು ಬಿದ್ದು ಲಿಂಗೈಕ್ಯರಾಗಿದ್ದರು.

ಒಳಕೋಣೆಯಲ್ಲಿ ನಾಲ್ವರಿದ್ದರು. ತೀರಿಕೊಂಡವರ ಹೆಂಡತಿ ಶರಣಮ್ಮ. ತನ್ನ ಡಾಲರ್ ನಾಣ್ಯವನ್ನು ಮರಳಿ ಒಯ್ಯಲು ಬಂದಿದ್ದ ನೀರಜಾಬಾಯಿ. ಆಕೆಯ ಜೊತೆ ಬಂದಿದ್ದ ನಾಣ್ಯದ ವ್ಯಾಪಾರಿ ವಿಕ್ರಮ. ಬಾಗಿಲ ಬಳಿ, ಗೆಳೆಯನ ಫೋಟೋಕ್ಕೆಂದು ತಂದ ಮಾಲೆಯನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದ ಪಂಢರಿನಾಥರಾಯರು. ಪೊಲೀಸ್ ಖಾತೆಯಲ್ಲಿ ಪತ್ತೇದಾರಿಕೆ ಮಾಡಿ ನಿವೃತ್ತರಾದ ಅವರಿಗೆ ಆ ದಿನ ಯಾವ ಪತ್ತೇದಾರಿಕೆಯೂ ಬೇಡವಾಗಿತ್ತು.

"ಸದ್ದು ಯಾಕೆ ಬರಬೇಕು?" ಎಂದರು ರಾಯರು.

ವಿಕ್ರಮ ಹೋಲ್ಡರನ್ನು ಕಿಟಕಿಯ ಬೆಳಕಿಗೆ ಹಿಡಿದ. "ಇದು ಅಮೆರಿಕದ ಬೆಳ್ಳಿಯ ಡಾಲರ್, ರಾವಸಾಹೇಬ. ಕಾರ್ಸನ್ ಸಿಟಿಯ ಟಂಕಸಾಲೆಯದು, 1889ರದು. ಇಂಥ ನಾಣ್ಯ ಎಷ್ಟು ಚೊಕ್ಕವಾಗಿದೆ ಎಂದು ಅಲ್ಲಿಯ ತಜ್ಞರು ನೋಡಿ, ದರ್ಜೆ ಹಾಕಿ, ಚೀಟಿ ಸೇರಿಸಿ, ಹೋಲ್ಡರಿನಲ್ಲಿ ಸೀಲ್ ಮಾಡುತ್ತಾರೆ. ಮೊದಮೊದಲಿನ ಹೋಲ್ಡರುಗಳಲ್ಲಿ ನಾಣ್ಯ ಬಿಗಿಯಾಗಿ ಕೂರುತ್ತಿರಲಿಲ್ಲ. ಅಲ್ಲಾಡಿಸಿದರೆ ಮಕ್ಕಳ ಗಿಲಕಿಯ ಹಾಗೆ ಸದ್ದು. ನೀರಜಾತಾಯಿಯವರದು ಅಂಥದು."

"ಮತ್ತೆ ಇದು?"

"ನಕಲಿ. ಚೆನ್ನಾಗಿ ಮಾಡಿದ ನಕಲಿ." ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡ. "ಒಳಗಿನ ಡಾಲರ್ ಮಾತ್ರ ಅದೇ. ಹೆಣ್ಣಿನ ಮುಖದ ಕೆನ್ನೆಯ ಮೇಲೆ ಈ ಗೀರು ನಾನು ಬಲ್ಲೆ."

ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ ಶರಣಮ್ಮ ಸೆರಗು ಸರಿಪಡಿಸಿಕೊಂಡರು. ರಾಯರ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಡಾಲರ್ ಅದ ಅಂತಾರ. ಹಂಗಾರ ಕಳದದ್ದು ಏನ್ರಿ, ಅಣ್ಣಾರ? ಒಂದು ಪ್ಲಾಸ್ಟಿಕ್ ಡಬ್ಬಿ ಏನು?"

ರಾಯರು ಅದನ್ನೇ ಮರಾಠಿಯಲ್ಲಿ ಕೇಳಿದರು. ವಿಕ್ರಮ ನಿಟ್ಟುಸಿರುಬಿಟ್ಟ. "ಕಾಕೂ, ಡಾಲರಿಗಿಂತ ಈಗ ಡಬ್ಬಿಗೇ ಜನ ಹೊಡೆದಾಡುತ್ತಾರೆ. ಹಳೆಯ ತಜ್ಞರು ಕಟ್ಟುನಿಟ್ಟು. ಈಗ ಇನ್ನೂ ಹೆಚ್ಚಿನ ದರ್ಜೆ ಸಿಗಲಿ ಎಂದು ಎಲ್ಲರೂ ಒಡೆಸಿ ಹೊಸದರಲ್ಲಿ ಹಾಕಿಸಿದ್ದಾರೆ. ಒಡೆಯದೆ ಉಳಿದ ಹಳೆಯ ಹೋಲ್ಡರ್ ಅಪರೂಪ. ಅಸಲಿ ಹೋಲ್ಡರ್ ಕೈಗೆ ಸಿಕ್ಕರೆ, ಅದರೊಳಗೆ ಯಾವುದೋ ಕಳಪೆ ಡಾಲರ್ ತೂರಿಸಿ ಪರದೇಶಕ್ಕೆ ಮಾರಬಹುದು. ಇತ್ತ ಹೋಲ್ಡರ್ ಹೋದ ಅಸಲಿ ಡಾಲರನ್ನು ಅಸಲಿ ಎಂದು ಯಾರೂ ನಂಬುವುದಿಲ್ಲ."

ನೀರಜಾಬಾಯಿ ಇಷ್ಟು ಹೊತ್ತು ಮಾತಾಡಿರಲಿಲ್ಲ. ತೆಳ್ಳಗಿನ, ನೆಟ್ಟಗೆ ಕೂತ ಹೆಂಗಸು. ತೀರಿಕೊಂಡ ಗಂಡನ ನಾಣ್ಯಸಂಗ್ರಹ ಆಕೆಯ ಪಾಲಿಗೆ ಬಂದಿತ್ತು. ಪ್ರತಿ ವರ್ಷದ ನಾಣ್ಯಪ್ರದರ್ಶನಕ್ಕೆ ಊರಿನ ಸಂಗ್ರಾಹಕರೆಲ್ಲ ತಮ್ಮ ಅಪರೂಪದ ನಾಣ್ಯಗಳನ್ನು ಸಿದ್ದಲಿಂಗಪ್ಪನವರ ಕೈಗೆ ಒಪ್ಪಿಸುತ್ತಿದ್ದರು. ಆಕೆಯೂ ಒಪ್ಪಿಸಿದ್ದಳು.

"ನನ್ನ ಕೈಯಿಂದ ಸಿದ್ದಲಿಂಗಪ್ಪನವರ ಕೈಗೆ ಹೋಯಿತು," ಎಂದಳು. "ಆಮೇಲೆ ಅವರ ಮುಖವನ್ನೂ ನಾನು ನೋಡಿಲ್ಲ. ಇವತ್ತು ಅವರ ಚೀಲದಿಂದ ಇದು ಹೊರಗೆ ಬಂತು. ಸತ್ತವರ ಮನೆಯಲ್ಲಿ ಕೂತು ನಾನು ಇನ್ನೇನು ಹೇಳಲಿ? ಭಾನುವಾರ ನಾಣ್ಯಮಂಡಳಿಯ ಸಭೆಯಿದೆ. ಅಷ್ಟರೊಳಗೆ ನನ್ನ ಹೋಲ್ಡರ್ ಬರಲಿ. ಬಾರದಿದ್ದರೆ ಎಲ್ಲರ ಮುಂದೆ ಹೇಳುತ್ತೇನೆ, ನೇರ ಪೊಲೀಸರ ಬಳಿಗೆ ಹೋಗುತ್ತೇನೆ."

ಅವರಿಬ್ಬರೂ ಹೊರಟುಹೋದ ಮೇಲೆ ಶರಣಮ್ಮ ಗಂಡನ ಫೋಟೋದ ಕಡೆಗೂ ನೋಡಲಿಲ್ಲ.

"ಏನಂದ್ಲ್ರಿ ಆಕಿ? ಕಳ್ಳ ಅಂದ್ಲೇನು?"

ರಾಯರು ಕೈಯಲ್ಲಿದ್ದ ಮಾಲೆಯನ್ನು ಫೋಟೋಕ್ಕೆ ಹಾಕಿದರು.

"ಹೊರಗ ಇಷ್ಟು ಮಂದಿ ಅವರ ಹೆಸರಲೆ ಉಂಡು ಹೋದ್ರು. ಭಾನುವಾರ ಇದ ಮಂದಿ ಏನಂತಾರ? ಅಣ್ಣಾರ, ನನಗ ಹೋದವ್ರನ್ನ ತಂದುಕೊಡ್ರಿ ಅಂತ ಕೇಳೂದಿಲ್ಲ. ಅವರ ಹೆಸರು ತಂದುಕೊಡ್ರಿ."

* * *

ಠಾಣೆಯ ಇನ್ಸ್‌ಪೆಕ್ಟರ್ ರಾಯರ ಕೈಕೆಳಗೆ ಕಲಿತವನೇ. ಎದ್ದು ನಿಂತು ನಮಸ್ಕರಿಸಿದ, ಚಹಾ ತರಿಸಿದ, ಎಲ್ಲ ಕೇಳಿದ. ಆಮೇಲೆ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ.

"ಸರ್, ನಾಣ್ಯ ಸಿಕ್ಕಿದೆ."

"ಸಿಕ್ಕಿದೆ."

"ಕಳೆದದ್ದು ಡಬ್ಬಿ."

"ಹೌದು."

"ಆದರೆ ಡಬ್ಬಿಯೂ ಇದೆ. ಬೇರೆ ಡಬ್ಬಿ." ಆತ ನಗು ತಡೆದುಕೊಳ್ಳಲು ಪ್ರಯತ್ನಪಟ್ಟ. "ದೂರು ಕೊಡಬೇಕಾದ ಹೆಂಗಸು ಇನ್ನೂ ಕೊಟ್ಟಿಲ್ಲ. ಕೊಟ್ಟರೆ ಅದು ನಿಮ್ಮ ಗೆಳೆಯರ ಮೇಲೇ. ನೀವೇ ಹೇಳಿ, ನಾನು ಏನನ್ನು ಹುಡುಕಲಿ? ಎಲ್ಲಿಂದ ಹುಡುಕಲಿ? ಡಾಕ್ಟರು ಹೃದಯ ನಿಂತಿತು ಎಂದು ಬರೆದಿದ್ದಾರೆ."

ರಾಯರು ಚಹಾ ಕುಡಿಯದೆ ಎದ್ದರು. ಸಿಟ್ಟು ಬಂದದ್ದು ಆತನ ಮೇಲಲ್ಲ. ಆತನ ಕುರ್ಚಿಯಲ್ಲಿದ್ದರೆ ತಾವೂ ಅದೇ ಮಾತನ್ನು ಹೇಳುತ್ತಿದ್ದರು.

ಅಲ್ಲಿಂದ ಮಾರ್ಕೆಟ್ ಯಾರ್ಡಿಗೆ ಹೋದರು. ಈರುಳ್ಳಿ ಚೀಲ ಹೊತ್ತ ಹಮಾಲರು "ಬಾಜೂ, ಬಾಜೂ" ಎಂದು ದಾರಿ ಬಿಡಲು ಕೂಗುತ್ತ ಎದೆಗೇ ಬರುತ್ತಿದ್ದರು. ಸಾಲು ಟೆಂಪೋಗಳ ಸಂದಿಯಲ್ಲಿ ಹಳದಿ ಬಣ್ಣದ ಒಂದು ಫೋನ್ ಬೂತ್. ಅದರ ಪಕ್ಕದಲ್ಲೇ ಗೆಳೆಯ ಕುಸಿದದ್ದು. ಬೂತಿನ ಹುಲಿಗೆಪ್ಪ ಯಾದಗಿರಿ ಕಡೆಯವನು. ಕನ್ನಡ ಕೇಳಿ ಸ್ಟೂಲು ಒರೆಸಿ ಕೊಟ್ಟ.

"ಫೋನ್ ಮಾಡಿದ್ರಿ ಅಜ್ಜಾರು. ಇಲ್ಲ ಅನ್ನಂಗಿಲ್ಲ. ಆದ್ರ ನಾ ಅಷ್ಟೊತ್ತಿಗೆ ಟೆಂಪೋದವನ ಜೋಡಿ ಜಗಳಕ್ಕ ಹೋಗಿದ್ದೆ. ಮಗಾ ನನ್ನ ಬೂತಿಗೇ ರಿವರ್ಸ್ ಹೊಡದಿದ್ದ. ಹೊಳ್ಳಿ ಬರೂದ್ರಾಗ ಮಂದಿ ಕೂಡಿತ್ರಿ."

"ಅವರ ಜೊತೆ ಯಾರಾದರೂ ಇದ್ದರೋ?"

"ಏನಂತ ಹೇಳ್ಲಿರಿ ಸಾಹೇಬ್ರ? ನಾ ನೋಡಿದ್ದು ಆ ಮಗನ ಮಾರಿ ಒಂದ."

ಯಾರಿಗೆ ಫೋನ್ ಮಾಡಿದರು? ರಾಯರಿಗೆ ಆ ಕ್ಷಣಕ್ಕೆ ಹೊಳೆದದ್ದು ಒಂದೇ ಮನೆ. ಅದೇ ಸಂಜೆ ಹಡಪಸರಕ್ಕೆ ಹೋಗಿ ಶರಣಮ್ಮನವರ ಮುಂದೆ ಕೂತರು.

"ಹೌದ್ರಿ. ಮಾಡಿದ್ರು," ಎಂದರು ಶರಣಮ್ಮ ನಿಧಾನವಾಗಿ. "ನಾ ಯಾರಿಗೂ ಹೇಳಿಲ್ಲ. ಮಠದ ಅಯ್ಯನವರು ಹೊರಗ ಆಡೂ ಮಾತಲ್ಲ ಅಂದಿದ್ರು."

"ನನಗೂ ಹೇಳಬಾರದೇನವ್ವ?"

"ನಿಮಗ ಹೇಳಿದ್ರ ನಡೀತದ. ದೇವರ ಮಾತದು." ಆಕೆ ಕೈಮುಗಿದು ಹೇಳಿದರು. "'ಶರಣವ್ವಾ, ಕರಡಗಿ ಬದಲಾಗೇದ. ಒಳಗಿಂದು ಅದ. ನನ್ನ ಕೈಗೆ ಬಂದಾಗನ ಕರಡಗಿ ಬ್ಯಾರೆ ಇತ್ತು.' ಇಷ್ಟ ಅಂದ್ರು. ಮುಂದಿಂದು ಕೇಳಿಸಲಿಲ್ಲ. ಗದ್ದಲ ಇತ್ತು."

ರಾಯರು ತಲೆ ತಗ್ಗಿಸಿದರು. ಕರಡಿಗೆ ಎಂದರೆ ಇಷ್ಟಲಿಂಗವನ್ನು ಇಟ್ಟು ಕೊರಳಲ್ಲಿ ಕಟ್ಟಿಕೊಳ್ಳುವ ಬೆಳ್ಳಿಯ ಸಂಪುಟ. ರಾಯರು ಸಲುಗೆಯಿಂದ ಸಿದ್ದಪ್ಪ ಎನ್ನುತ್ತಿದ್ದ ಸಿದ್ದಲಿಂಗಪ್ಪ ಸ್ನಾನದ ಹೊತ್ತಿಗೂ ಅದನ್ನು ಮೈಯಿಂದ ಅಗಲಿಸಿದವರಲ್ಲ.

"ಅವರನ್ನ ಮನಿಗೆ ತಂದಾಗ ಅಯ್ಯನವರು ಅವರ ಕರಡಗಿ ಬಿಚ್ಚಿ ನೋಡಿದ್ರಿ. ಲಿಂಗ ಸರಿಯಾಗೇ ಇತ್ತು. ದೀಕ್ಷಾ ಕೊಟ್ಟಾಗ ಗುರುಗಳ ಕೈಯಿಂದ ಏನೋ ಲೋಪ ಆಗಿತ್ತು ಅಂತ ಕಾಣ್ತದ, ಕಡೀ ಗಳಿಗ್ಯಾಗ ಜೀವಕ್ಕ ತಿಳದದ ಅಂದ್ರು. ಹೊಸಾ ಕರಡಗಿ ತರಿಸಿ, ಅದರಾಗ ಲಿಂಗ ಇಟ್ಟು, ಸಮಾಧಿ ಮಾಡಿದ್ವಿ."

"ಒಳ್ಳೆಯದು ಮಾಡಿದಿರಿ," ಎಂದರು ರಾಯರು. ಸಾಯುವ ಹೊತ್ತಿಗೂ ದೇವರ ಚಿಂತೆಯಲ್ಲೇ ಇದ್ದ ಗೆಳೆಯ. ಅವರು ಕಣ್ಣೊರೆಸಿಕೊಂಡರು. ಆದರೆ ಪ್ರಯೋಜನವೇನು? ಭಾನುವಾರ ಹತ್ತಿರವಾಗುತ್ತಿತ್ತು, ಕೈಯಲ್ಲಿ ಏನೂ ಇರಲಿಲ್ಲ.

* * *

ಲಕ್ಷ್ಮೀ ರಸ್ತೆಯ ಓಣಿಯಲ್ಲಿ ವಿಕ್ರಮನ ಅಂಗಡಿ. ಶನಿವಾರ ಬೆಳಿಗ್ಗೆ ರಾಯರು ಹೋದಾಗ ಗಲ್ಲೆಯ ಮೇಲೆ ಅವನ ಹೆಂಡತಿ ಪ್ರಾಚಿ ಒಬ್ಬಳೇ ಇದ್ದಳು. ವಿಕ್ರಮ ಬ್ಯಾಂಕಿಗೆ ಹೋಗಿದ್ದ. ಪ್ರಾಚಿ ಮಾತಿನ ಮಲ್ಲಿ. ರಾಯರು ಕೂರುವ ಮೊದಲೇ ಫ್ಲಾಸ್ಕಿನ ಚಹಾ ಬಗ್ಗಿಸಿದಳು.

"ಸಿದ್ದಲಿಂಗಪ್ಪ ಕಾಕಾ ಇಲ್ಲದೆ ಅಂಗಡಿ ಭಣಭಣ ಎನ್ನುತ್ತದೆ, ರಾವಸಾಹೇಬ. ಬಂದರೆ ಮೊದಲು ಇಲ್ಲಿ ನಿಂತು, 'ವಹಿನೀ, ಹೊಸ ಕರಡಗಿ ಬಂತೇನು?' ಎಂದು ಕೇಳುವರು. ಪಾಪ!"

ರಾಯರ ಕೈಯಲ್ಲಿದ್ದ ಕಪ್ಪು ನಿಂತಿತು.

"ಏನೆಂದು ಕೇಳುವರು?"

"ಕರಡಗಿ. ನಿಮ್ಮ ಕನ್ನಡದ ಮಾತಲ್ಲವೇ? ಇದಕ್ಕೆ." ಆಕೆ ಗಾಜಿನ ಕಪಾಟಿನಿಂದ ಒಂದು ನಾಣ್ಯದ ಹೋಲ್ಡರನ್ನು ತೆಗೆದು ಮುಂದಿಟ್ಟಳು. "ಅವರು ಎಂದೂ ಇದನ್ನು ಹೋಲ್ಡರ್ ಎಂದವರಲ್ಲ. 'ಎದೆಯ ಮೇಲೆ ಒಂದು ಕರಡಗಿ, ಜೇಬಿನಲ್ಲಿ ಒಂದು ಕರಡಗಿ, ಎರಡನ್ನೂ ಒಡೆಯಬಾರದು' ಎಂದು ನಗುವರು. ಈಗ ನಮ್ಮವರಿಗೂ ಅದೇ ರೂಢಿ. ಗಿರಾಕಿ ಬಂದರೆ, 'ಪ್ರಾಚೀ, ಆ ಕರಡಗಿ ಕೊಡು' ಅನ್ನುತ್ತಾರೆ. ಗಿರಾಕಿಗಳು ಬಾಯಿ ಬಿಡುತ್ತಾರೆ."

ರಾಯರು ಕಪ್ಪನ್ನು ಕೆಳಗಿಟ್ಟರು. ಚಹಾ ತಟ್ಟೆಗೆ ತುಳುಕಿತು.

ಕರಡಗಿ ಬದಲಾಗೇದ. ಒಳಗಿಂದು ಅದ. ನನ್ನ ಕೈಗೆ ಬಂದಾಗನ ಕರಡಗಿ ಬ್ಯಾರೆ ಇತ್ತು.

ಹೋಲ್ಡರ್ ಬದಲಾಗಿದೆ. ಡಾಲರ್ ಅದೇ ಇದೆ. ನನಗೆ ಒಪ್ಪಿಸಿದಾಗಲೇ ಹೋಲ್ಡರ್ ಬೇರೆ ಇತ್ತು.

ಸಾಯುವ ಮನುಷ್ಯ ಧ್ಯಾನ ಮಾಡಿರಲಿಲ್ಲ. ಸಾಕ್ಷಿ ಹೇಳಿದ್ದ. ಹೆಂಡತಿಗೆ, ಅವಳಿಗೆ ಅರ್ಥವಾಗಲಿ ಎಂದು, ತನ್ನ ಮನೆಮಾತಿನಲ್ಲಿ ಹೇಳಿದ್ದ. ಕೇಳಿದವರು ಭಕ್ತರಾಗಿದ್ದರಿಂದಲೇ ಆ ಸಾಕ್ಷಿ ಅವನ ಸಂಗಡ ಮಣ್ಣು ಸೇರಿತ್ತು. ಅಯ್ಯನವರು ನಂಬಿದರು, ಶರಣಮ್ಮ ನಂಬಿದರು. ಪತ್ತೇದಾರನೆಂದು ಹೆಸರು ಪಡೆದ ತಾವೂ ಅದನ್ನು ಕೇಳಿ ಕಣ್ಣೊರೆಸಿಕೊಂಡು ಬಂದಿದ್ದರು!

ರಾಯರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಏನಾಯಿತು, ರಾವಸಾಹೇಬ? ಸಕ್ಕರೆ ಹೆಚ್ಚಾಯಿತೇ?"

ಉತ್ತರ ಕೊಡುವಷ್ಟರಲ್ಲಿ ವಿಕ್ರಮ ಮೆಟ್ಟಿಲೇರಿ ಒಳಗೆ ಬಂದ.

"ಅರೇ, ರಾವಸಾಹೇಬ! ಏನು, ಹೋಲ್ಡರ್ ಸಿಕ್ಕಿತೇ?"

"ಇಲ್ಲ. ಒಂದು ಮಾತು ಕೇಳೋಣ ಎಂದು ಬಂದೆ. ತೀರಿಕೊಂಡ ದಿನ ಸಿದ್ದಪ್ಪ ನಿಮ್ಮ ಅಂಗಡಿಗೆ ಬಂದಿದ್ದರೇ?"

"ಇಲ್ಲವಲ್ಲ. ಎಷ್ಟೋ ದಿನದಿಂದ ಬಂದಿರಲಿಲ್ಲ."

"ಮನೆಗೆ ಫೋನ್ ಮಾಡಿದ್ದರು. ಕರಡಗಿ ಬದಲಾಗಿದೆ ಎಂದರಂತೆ. ಹಾಗೆಂದರೆ ಏನಿರಬಹುದು? ನಿಮಗೇನಾದರೂ ಹೊಳೆಯುತ್ತದೆಯೇ?"

ವಿಕ್ರಮ ಚಪ್ಪಲಿ ಬಿಚ್ಚುತ್ತಿದ್ದವನು ಒಂದು ಗಳಿಗೆ ಬಗ್ಗಿದಂತೆಯೇ ಇದ್ದ. ಆಮೇಲೆ ಎದ್ದು ನಿಂತ. ಮುಖದ ಮೇಲೆ ಮರುಕ ತಂದುಕೊಂಡಿದ್ದ.

"ಕರಡಗಿ? ನಿಮ್ಮವರು ಕೊರಳಲ್ಲಿ ಕಟ್ಟಿಕೊಳ್ಳುವ ದೇವರ ಡಬ್ಬಿಯಲ್ಲವೇ ಅದು? ಪಾಪ, ಧರ್ಮಿಷ್ಠ ಮನುಷ್ಯ. ಕೊನೆಗಾಲದಲ್ಲಿ ದೇವರ ನೆನಪಾಗಿರಬೇಕು. ನಾನು ಆ ಮಾತನ್ನು ಬೇರೆಲ್ಲೂ ಕೇಳಿಲ್ಲ."

"ಅಹೋ, ಇದೇನು ಹೀಗಂತೀರಿ?" ಪ್ರಾಚಿ ಕಣ್ಣರಳಿಸಿದಳು. "ನಿನ್ನೆ ಸಂಜೆ ನೀವೇ ಆ ಮಾರವಾಡಿಗೆ ಕರಡಗಿ, ಕರಡಗಿ ಎಂದು..."

"ಪ್ರಾಚೀ!"

ಹೊರಗೆ ಒಂದು ಸ್ಕೂಟರು ಹಾರ್ನ್ ಹೊಡೆಯುತ್ತ ದಾಟಿತು.

"ಒಳಗೆ ಹೋಗು," ಎಂದ ವಿಕ್ರಮ.

"ಯಾವ ಒಳಗೆ? ಈ ಅಂಗಡಿಗೆ ಒಳಗೆ ಎಲ್ಲಿದೆ?" ಆಕೆ ಕದಲಲಿಲ್ಲ.

ರಾಯರು ಗಲ್ಲೆಯ ಮೇಲಿದ್ದ ಹೋಲ್ಡರನ್ನು ಬೆರಳಿನಿಂದ ಅವನ ಕಡೆಗೆ ಸರಿಸಿದರು. ದನಿ ಏರಿಸಲಿಲ್ಲ. "ಇದಕ್ಕೆ ಆ ಹೆಸರು ನಿನಗೆ ಗೊತ್ತು. ಗೊತ್ತಿದ್ದೂ ದೇವರ ಡಬ್ಬಿ ಎಂದೆ. ಅಂದರೆ ಆ ಫೋನಿನ ಮಾತಿನ ಅರ್ಥ ನಿನಗೆ ತಕ್ಷಣ ಆಯಿತು. ನನಗೆ ಆಗಬಾರದು ಎಂದು ಬಯಸಿದೆ. ಹೇಳು ವಿಕ್ರಮ. ಅವನು ಬಂದಿದ್ದ."

"ಬಂದಿದ್ದರೆ ಏನು?"

"ಬಂದಿದ್ದ."

"ಹೌದು, ಬಂದಿದ್ದರು!" ವಿಕ್ರಮ ಸ್ಟೂಲಿನ ಮೇಲೆ ಕುಸಿದ. "ಬೆಳಿಗ್ಗೆಯೇ ಬಂದರು. ಪ್ರದರ್ಶನಕ್ಕೆ ಜೋಡಿಸುವಾಗ ಕೈಯಲ್ಲಿ ಹಿಡಿದೆ, ಸದ್ದು ಬರಲಿಲ್ಲ ಎಂದರು. ನೋಡಿದೆ. ನಕಲಿ ಎಂದು ನಾನೇ ಹೇಳಿದೆ. ನೀರಜಾತಾಯಿ ಕೊಟ್ಟಾಗ ಅಲ್ಲಾಡಿಸಿ ನೋಡಲಿಲ್ಲವೇ ಕಾಕಾ ಎಂದು ಕೇಳಿದೆ. 'ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಕೈಗೆ ಕೊಡುತ್ತಿದ್ದಾಳೆ. ಅವಳ ಮುಂದೆಯೇ ಅಲ್ಲಾಡಿಸಿದರೆ ಅನುಮಾನಪಟ್ಟ ಹಾಗಲ್ಲವೇ? ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದೆ' ಎಂದರು."

ರಾಯರು ಕಣ್ಣು ಮುಚ್ಚಿದರು. ಅದು ಸಿದ್ದಪ್ಪನದೇ ಮಾತು. ಇನ್ಯಾರೂ ಹಾಗೆ ಹೇಳಲಾರರು.

"ಆಮೇಲೆ?"

"ಸುಮ್ಮನೆ ಇಟ್ಟುಬಿಡಿ, ಪ್ರದರ್ಶನ ಮುಗಿಸಿ ಹಾಗೇ ಮರಳಿಸಿ ಎಂದೆ. ಕೇಳಲಿಲ್ಲ. 'ಅವಳಿಗೂ ಮೋಸವಾಗಿರಬಹುದು, ಹೇಳಿ ಬರುತ್ತೇನೆ' ಎಂದು ಹೊರಟರು. ಮಾರ್ಕೆಟ್ ಯಾರ್ಡಿನಲ್ಲಿ ನೀರಜಾತಾಯಿಯ ಮೈದುನರ ಬೆಲ್ಲದ ಅಡತಿ ಅಂಗಡಿಯಿದೆ. ಮಧ್ಯಾಹ್ನದವರೆಗೆ ಆಕೆ ಅಲ್ಲೇ ಇರುತ್ತಾಳೆ."

"ಅವನು ಆಕೆಯನ್ನು ಕಂಡನೇ?"

"ನನಗೆ ಗೊತ್ತಿಲ್ಲ. ದೇವರಾಣೆ, ಗೊತ್ತಿಲ್ಲ. ಆಕೆ ಕಂಡೇ ಇಲ್ಲ ಅಂದಳು. ನಾನು ಕೇಳಲಿಲ್ಲ."

"ಗೊತ್ತಿದ್ದ ವಿಷಯವನ್ನೇ ಆ ದಿನ ಗಣಾರಾಧನೆಯ ಮನೆಯಲ್ಲಿ ಹೊಸದಾಗಿ ಕಂಡವನ ಹಾಗೆ ಎರಡು ಕಿವಿಗೂ ಹಿಡಿದು ಅಲ್ಲಾಡಿಸಿದೆಯಲ್ಲ. ಶರಣಮ್ಮನ ಮುಖ ನೋಡಿದೆಯೋ?"

ವಿಕ್ರಮ ನೆಲ ನೋಡಿದ. "ಇಡೀ ಸಂಗ್ರಹವನ್ನು ನನ್ನ ಅಂಗಡಿಯಿಂದಲೇ ಮಾರಿಸುತ್ತೇನೆ ಎಂದಿದ್ದಾಳೆ, ರಾವಸಾಹೇಬ. ಅಂಥದು ನನ್ನ ಅಪ್ಪನ ಕಾಲದಲ್ಲೂ ಈ ಮೆಟ್ಟಿಲು ಹತ್ತಿಲ್ಲ. ನೀವು ಈಗ ಹೊರಗೆ ಹೋಗಿ ಇದನ್ನೆಲ್ಲ ಹೇಳಿದರೆ ನಾನು ಇಲ್ಲ ಎನ್ನುತ್ತೇನೆ. ನಾಳೆ ಸಭೆಯಲ್ಲೂ ಇಲ್ಲ ಎನ್ನುತ್ತೇನೆ."

"ನಾನು ಹೌದು ಎನ್ನುತ್ತೇನೆ," ಎಂದಳು ಪ್ರಾಚಿ.

ಇಬ್ಬರೂ ಆಕೆಯ ಕಡೆ ತಿರುಗಿದರು.

"ಆ ಬೆಳಿಗ್ಗೆ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ, ಕಾಕಾ ಬಂದದ್ದು ನನಗೆ ಗೊತ್ತಾಗಲಿಲ್ಲ. ಆದರೆ ಈಗ ನಿಮ್ಮ ಬಾಯಿಂದ ಬಂದದ್ದನ್ನು ಕೇಳಿದೆ. ಕಾಕಾ ನನ್ನ ಕೈಯ ಚಹಾ ಕುಡಿದವರು. ನಾಳೆ ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ. ಆಮೇಲೆ ನಿಮ್ಮ ಆ ನೀರಜಾತಾಯಿಯ ಸಂಗ್ರಹ ಬರಲಿ, ಬಿಡಲಿ."

* * *

ಹಡಪಸರದ ರಸ್ತೆ ಯಾವ ದಿನ ಖಾಲಿ ಇದ್ದೀತು? ಎಲ್ಲೋ ಮುಂದೆ ಒಂದು ಟ್ರಕ್ಕು ಕೆಟ್ಟು ನಿಂತಿತ್ತು. ರಿಕ್ಷಾದವನು ಎಂಜಿನ್ ಆರಿಸಿ ತಂಬಾಕು ತಿಕ್ಕುತ್ತ ಕೂತ. ರಾಯರು ಕೊರಳು ಹೊರಗೆ ಚಾಚಿ ನೋಡಿದರು, ಒಳಗೆಳೆದುಕೊಂಡರು, ಮತ್ತೆ ಚಾಚಿದರು. ಕೊನೆಗೆ ಇಳಿದು, ಹಣ ಕೊಟ್ಟು, ಬಿಸಿಲಿನಲ್ಲಿ ನಡೆದೇ ಹೊರಟರು. ಮೊಣಕಾಲು ನೋಯುತ್ತಿತ್ತು. ಆದರೆ ಮನಸ್ಸು ಬಹಳ ದಿನಗಳ ಮೇಲೆ ಹಗುರಾಗಿತ್ತು. ಹೆಸರು ತಂದುಕೊಡಿ ಎಂದಿದ್ದಳು ಆ ತಾಯಿ. ತರುತ್ತಿದ್ದರು.

ಶರಣಮ್ಮ ದೇವರ ಕೋಣೆಯ ಹೊಸ್ತಿಲಲ್ಲಿ ಕೂತಿದ್ದರು. ಹಣೆಯ ಮೇಲೆ ವಿಭೂತಿ ಹಸಿಯಾಗಿತ್ತು. ಮುಖದಲ್ಲಿ ಎಷ್ಟೋ ದಿನ ಇಲ್ಲದ ಸಮಾಧಾನ.

"ಬರ್ರಿ ಅಣ್ಣಾರ. ನೀರು ಕುಡೀರಿ ಮೊದಲ. ಹಿಂಗ್ಯಾಕ ಬೆವತೀರಿ?"

"ನೀರು ಆಮೇಲೆ. ಶರಣಮ್ಮ, ಸಿದ್ದಪ್ಪ ಫೋನಿನಲ್ಲಿ ಅಂದ ಕರಡಗಿ ಲಿಂಗದ ಕರಡಗಿ ಅಲ್ಲ." ಅವರು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದರು. ಪ್ರಾಚಿ ಹೇಳಿದ ಮಾತು, ವಿಕ್ರಮ ಒಪ್ಪಿದ ಮಾತು, ನಾಳೆಯ ಸಭೆ.

ಕೇಳುತ್ತ ಕೇಳುತ್ತ ಆ ಮುಖದ ಸಮಾಧಾನ ಒಂದೊಂದೇ ಎಳೆಯಾಗಿ ಕಳಚಿತು.

"ಮುಗೀತ್ರಿ ಅಣ್ಣಾರ," ಎಂದರು ಶರಣಮ್ಮ.

"ಏನು ಮುಗಿಯಿತು?"

"ಮುಂಜಾನೆ ಆಕಿ ಬಂದಿದ್ಲು. ನೀರಜಾಬಾಯಿ. ಜೋಡಿ ಅಯ್ಯನವರ್ನೂ ಕರಕೊಂಡು ಬಂದಿದ್ಲು. 'ನಿಮ್ಮ ಮನಿಯವರು ಏನೋ ಅಡಚಣಿಯೊಳಗ ಡಬ್ಬಿ ಬದಲು ಮಾಡಿದ್ರು ಅಂತ ಒಂದ ಮಾತು ಒಪ್ಪಿಕೋರಿ. ನಾ ಪೊಲೀಸರ ಕಡೆ ಹೋಗೂದಿಲ್ಲ, ಸಭಾದಾಗ ಅವರ ಹೆಸರು ಎತ್ತೂದಿಲ್ಲ. ಸತ್ತವರು ಸುಖಾ ಇರಲಿ' ಅಂದ್ಲು. ಅಯ್ಯನವರು ಅದನ್ನ ಕನ್ನಡದಾಗ ತಿಳಿಸಿ, ತಾವೂ ಹೂಂ ಅಂದ್ರು. ದಿನಾ ಬಜಾರದಾಗ ಅವರ ಮಾತ ಆದ್ರ, ಜೀವಕ್ಕ ಮುಕ್ತಿ ಹೆಂಗ ಸಿಗಬೇಕು ಅಂದ್ರು."

"ನೀವು...?"

"ಒಪ್ಪಿಕೊಂಡೆ. ಲಿಂಗಾ ಮುಟ್ಟಿ ಹೇಳಿದೆ."

ರಾಯರು ಹೊಸ್ತಿಲ ಮೇಲೆಯೇ ಕೂತುಬಿಟ್ಟರು.

"ವಾಪಸು ತಗೊಳ್ಳಿ ಆ ಮಾತು."

"ಲಿಂಗಾ ಮುಟ್ಟಿ ಆಡಿದ ಮಾತು ಹೆಂಗ ವಾಪಸು ತಗೊಳ್ಲಿ? ಸುಳ್ಳಾದ್ರೂ ಆಡಿಬಿಟ್ಟೆ." ಆಕೆಯ ಕಣ್ಣಿಂದ ನೀರು ಇಳಿಯಿತು, ದನಿ ಮಾತ್ರ ಒಡೆಯಲಿಲ್ಲ. "ನಿಮ್ಮ ಹಾದಿ ನೋಡಿದೆ. ನೀವು ಬರಲಿಲ್ಲ. ನಾ ಏನ್ ಮಾಡ್ಲಿ? ಆ ಪ್ರಾಚಿ ನಾಳೆ ಎದ್ದು ಖರೇ ಹೇಳ್ತಾಳ. ಆಕಿ ಮುಂದ ಅಯ್ಯನವರು ಎದ್ದು, ಕಳುವು ಮಾಡಿದ್ದು ಖರೇ ಅಂತ ಹೆಂಡತಿನ ಲಿಂಗಾ ಮುಟ್ಟಿ ಒಪ್ಯಾಳ ಅಂತಾರ. ಮಂದಿ ಯಾರನ್ನ ನಂಬತಾರ್ರಿ?"

ರಾಯರಿಗೆ ಸಿಟ್ಟು ಬಂದಿತ್ತು, ಅದನ್ನು ಇಡಲು ಜಾಗವಿರಲಿಲ್ಲ. ಈ ತಾಯಿಯ ಮೇಲೆ ಇಡಲಾರರು. ಟ್ರಕ್ಕಿನ ಮೇಲೆ ಇಟ್ಟು ಏನು ಮಾಡುವುದು?

"ಕೆಟ್ಟ ಹೆಂಗಸು ಅಂತ ನನಗ ಅನಿಸಲಿಲ್ಲ್ರಿ," ಎಂದರು ಶರಣಮ್ಮ ಮೂಗೊರೆಸಿಕೊಳ್ಳುತ್ತ. "ಹೋಗೂ ಮುಂದ ಕೈ ಹಿಡಕೊಂಡು ಅತ್ಲು. ಅವರ ಚಾಳೀಸನೂ ತಂದು ಕೊಟ್ಲು. ನಾವು ಅದಕ್ಕ ಎಷ್ಟು ಹುಡುಕಿದ್ವಿ. ಡಾಲರ್ ಇಸಕೊಳ್ಳಾಕ ಹೋದಾಗ ಆಕಿ ಮನ್ಯಾಗ ಮರತು ಬಿಟ್ಟಿದ್ರಂತ."

ದೇವರ ಗೂಡಿನ ಪಕ್ಕದಲ್ಲಿ, ವಿಭೂತಿಗಟ್ಟಿಯ ಹತ್ತಿರ, ಸಿದ್ದಪ್ಪನ ಕನ್ನಡಕ ಮಡಿಸಿ ಇಟ್ಟಿತ್ತು. ದಪ್ಪ ಗಾಜು. ಒಂದು ಕಾಲಿಗೆ ಕಪ್ಪು ದಾರ ಸುತ್ತಿತ್ತು.

ರಾಯರು ಅದನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು. ಅವರ ಉಸಿರು ಗಾಜಿನ ಮೇಲೆ ಮಂಜಾಗಿ ಕೂತು ಹೋಯಿತು.

"ಶರಣಮ್ಮ, ಆ ದಿನ ಮನೆ ಬಿಡುವಾಗ ಅವನ ಕಣ್ಣಿಗೆ ಕನ್ನಡಕ ಇತ್ತೇ?"

"ಇಲ್ಲದ ಹೆಂಗ ಹೋಗ್ತಾರ್ರಿ? ಅದಿಲ್ಲಂದ್ರ ನನ್ನ ಮಾರಿನೂ ಅವರಿಗೆ ಕಾಣ್ತಿದ್ದಿಲ್ಲ. ಫೋನಿನ ನಂಬರು..."

ಆಕೆಯ ಮಾತು ಅಲ್ಲಿಗೇ ನಿಂತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾರ್ಕೆಟ್ ಯಾರ್ಡಿನ ಬೂತಿನಲ್ಲಿ ಸಿದ್ದಪ್ಪ ಅಂಕಿ ನೋಡಿ ಒತ್ತಿದ್ದ, ಮನೆಗೆ ಮಾತಾಡಿದ್ದ. ಆಗ ಆ ಕನ್ನಡಕ ಅವನ ಕಣ್ಣಿನ ಮೇಲಿತ್ತು. ಅವನ ಮಾತು ನಿಂತು ಜನ ಕೂಡುವುದರೊಳಗೆ ಅದು ನೀರಜಾಬಾಯಿಯ ಕೈ ಸೇರಿತ್ತು. ಡಾಲರ್ ಕೊಟ್ಟ ಮೇಲೆ ಅವರ ಮುಖವನ್ನೂ ನೋಡಿಲ್ಲ ಎಂದಿದ್ದ ನೀರಜಾಬಾಯಿಯ ಕೈ.

"ಆಕಿ ಅಲ್ಲಿದ್ಲು," ಎಂದರು ಶರಣಮ್ಮ. ದನಿ ಪಿಸುಗುಟ್ಟಿದಂತಿತ್ತು. "ಅವರು ಬಿದ್ದಾಗ ಆಕಿ ಅಲ್ಲೇ ಇದ್ಲು. ಅಣ್ಣಾರ, ಅವರಿಗೆ ನೀರು ಕೊಟ್ಟಿದ್ಲೋ... ಇಲ್ಲೋ?"

ಲಿಂಗ ಮುಟ್ಟಿ ಆಡಿದ ಮಾತಿನ ಮುಂದೆ ನಾಳೆ ಈ ಕನ್ನಡಕದ ಸಾಕ್ಷಿಯೂ ನಿಲ್ಲದು ಎಂದು ರಾಯರಿಗೆ ಗೊತ್ತಿತ್ತು. ಅವರು ಎದ್ದು ಗೆಳೆಯನ ಫೋಟೋದ ಮುಂದೆ ನಿಂತರು. ವಿಠ್ಠಲನಿಗಲ್ಲದೆ ಬೇರಾರಿಗೂ ಮುಗಿಯದ ಕೈಗಳನ್ನು ಅಂದು ಗೆಳೆಯನ ಶಿವನಿಗೆ ಮುಗಿದರು. ಶರಣಮ್ಮ ಹಿಂದೆ ಬಂದು ನಿಂತರು.

"ತಂದೆ," ಎಂದರು ರಾಯರು ಗಟ್ಟಿಯಾಗಿಯೇ, "ಸತ್ಯ ಹೇಳಿ ಹೋದವನ ಮಾತು ನಮಗೆ ತಿಳಿಯಲಿಲ್ಲ. ತಿಳಿದ ದಿನ ಕಾಲ ಮೀರಿದೆ. ನಮ್ಮ ಈ ಗದ್ದಲ ಅವನ ಕಿವಿಗೆ ಬೀಳದಿರಲಿ. ಈ ತಾಯಿ ಆಡಿದ ಸುಳ್ಳಿನ ಭಾರ ಅವನ ಮೇಲೂ ಬೇಡ, ಅವಳ ಮೇಲೂ ಬೇಡ, ನನ್ನ ಮೇಲೆ ಹಾಕು. ಅವನನ್ನು ನಿನ್ನ ಹತ್ತಿರ ಇಟ್ಟುಕೋ. ಆ ಜೀವಕ್ಕೆ ಶಾಂತಿ ಕೊಡು."